ಸಿಟಿ ಸ್ಕ್ಯಾನಿನ ಡೋಸ್ ಪೇಜ್ ಓದೋದು ಹೆಂಗೆ

ಮೊನ್ನೆ ತೀರ್ಥಹಳ್ಳಿ ಕಡೆಯವ್ರು ಒಬ್ರು ಬಂದು ಅವರಮ್ಮನ ಸ್ಕ್ಯಾನ್ ಕವರ್ ನನ್ ಟೇಬಲ್ ಮೇಲಿಟ್ರು. "ಎಂತ ಮಾರಾಯ್ರೆ, ಮೂರು ತಿಂಗಳಲ್ಲಿ ಎರಡನೇ ಸಲ ಹೊಟ್ಟೆ ಸಿಟಿ, ಮೈಗೆ ಕರೆಂಟ್ ಜಾಸ್ತಿ ಆಯ್ತೇನೋ" ಅಂತ. ಕರೆಂಟ್ ಅಂದಿದ್ದು ರೇಡಿಯೇಶನ್ನಿಗೆ. ನಾನು ಶಿವಮೊಗ್ಗದಲ್ಲಿ ಮೆಡಿಕಲ್ ಫಿಸಿಸಿಸ್ಟ್, ನಮ್ಮನ್ನ ಜನ ನೋಡೋದು ಕ್ಯಾನ್ಸರ್ ರೇಡಿಯೇಶನ್ ಕೊಡೋ ಕಡೆ ಮಾತ್ರ, ಆದ್ರೆ ಎಕ್ಸ್‌ರೇ ಸಿಟಿ ಮಷೀನು ಎಷ್ಟು ಬಿಡ್ತಿದೆ ಅಂತ ಅಳೆಯೋದೂ ನಮ್ಮ ಕೆಲಸಾನೇ.

ಮೊದ್ಲು ಸ್ಕ್ಯಾನಿನ ಸಿಡಿಯಲ್ಲಿ ಕೊನೇ ಕಡೆ ನೋಡಿ, ಚಿತ್ರ ಇಲ್ದೆ ಬರೀ ನಂಬರ್ ಇರೋ ಒಂದು ಪೇಜ್ ಇರುತ್ತೆ. ಇಲ್ಲಾಂದ್ರೆ ಟೆಕ್ನಿಷಿಯನ್ ಹತ್ರ "ಡೋಸ್ ರಿಪೋರ್ಟ್ ಕೊಡಿ" ಅಂತ ಕೇಳಿ, ನಾಚ್ಕೋಬೇಡಿ.

ಅದ್ರಲ್ಲಿ ಸಿಟಿಡಿಐ ಅಂತ ಒಂದು ನಂಬರ್ ಇದ್ಯಲ್ಲ, ಅದು ನಿಮ್ಮ ಮೈಗೆ ಬಿದ್ದಿದ್ದಲ್ಲ. 32 ಸೆಂಟಿಮೀಟರ್ ಅಗಲದ ಅಕ್ರಿಲಿಕ್ ಉರುಳೆ, ತಲೆಗಾದ್ರೆ 16ರದ್ದು, ಅದ್ರೊಳಗೆ ಎಷ್ಟಾಗುತ್ತೆ ಅನ್ನೋ ಲೆಕ್ಕ. ಎಕರೆಗೆ ಇಷ್ಟು ಡ್ರಮ್ ಬೋರ್ಡೋ ಹೊಡೆದ್ವಿ ಅಂದ್ರೆ ಒಂದೊಂದು ಅಡಿಕೆ ಗೊನೆಗೆ ಎಷ್ಟು ಬಿತ್ತು ಅಂತ ಗೊತ್ತಾಗಲ್ವಲ್ಲ, ಹಂಗೇ. ಸಣಕಲು ಅಜ್ಜಿಗೆ ಆ ನಂಬರಿಗಿಂತ ಜಾಸ್ತಿ, ದಪ್ಪ ಇರೋರಿಗೆ ಕಮ್ಮಿ.

ನಿಮಗೆ ಬೇಕಾಗಿದ್ದು ಅದೇ ಪೇಜಲ್ಲಿರೋ ಡಿಎಲ್‌ಪಿ, ಅಂದ್ರೆ ಸಿಟಿಡಿಐನ ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದ ನಂಬರ್. ದೊಡ್ಡೋರ ಹೊಟ್ಟೆ ಸ್ಕ್ಯಾನಾದ್ರೆ ಅದನ್ನ 0.015ರಿಂದ ಗುಣಿಸಿ, ಎದೆಗೆ 0.014, ತಲೆಗೆ 0.0021, ಅಂದಾಜು ಮಿಲಿಸೀವರ್ಟ್ ಬರುತ್ತೆ, ಮೈಗೆ ಬಿದ್ದ ರೇಡಿಯೇಶನ್ ಅಳೆಯೋ ಲೆಕ್ಕ ಅದು. ಅಂದಾಜು ಅಷ್ಟೇ, ಮಕ್ಕಳಿಗೆ ಈ ಲೆಕ್ಕ ಹಾಕ್ಬೇಡಿ, ಅವರದ್ದು ಬೇರೆ. ಮಣ್ಣು, ಗಾಳಿ, ಆಕಾಶದಿಂದ ಸುಮ್ನೆ ಕೂತಿದ್ರೂ ವರ್ಷಕ್ಕೆ ಜಗತ್ತಿನ ಸರಾಸರಿ ಸುಮಾರು 2.4ರಿಂದ 3 ಮಿಲಿಸೀವರ್ಟ್ ಬೀಳುತ್ತೆ, ಅದಕ್ಕೆ ಹೋಲಿಸಿ ನೋಡಿ.

ಆ ಅಮ್ಮನದ್ದು ಮೊದಲನೇ ಸ್ಕ್ಯಾನಿನ ಡಿಎಲ್‌ಪಿ 1400, ಅಂದ್ರೆ 21 ಮಿಲಿಸೀವರ್ಟ್. ಎರಡನೇದು 620, ಅಂದ್ರೆ 9.3. ಮಷೀನ್ ಕೆಟ್ಟಿರಲಿಲ್ಲ, ಮೊದಲನೇ ಸಲ ಇಂಜೆಕ್ಷನ್ ಕೊಡೋಕ್ ಮುಂಚೆ ಒಂದು, ಆಮೇಲೆ ಎರಡು, ಹಿಂಗೆ ಮೂರು ಫೇಸ್, ಅಂದ್ರೆ ಅದೇ ಜಾಗನ ಮೂರು ಸಲ ತೆಗೆದಿದ್ರು, ಎರಡನೇ ಸಲ ಒಂದೇ. ಕಾಯಿಲೆ ನೋಡಿ ಮೂರೂ ಬೇಕಾಗ್ಬಹುದು, ಆದ್ರೆ "ಒಂದೇ ಫೇಸ್ ಸಾಕಾ ಡಾಕ್ಟ್ರೇ" ಅಂತ ಕೇಳೋದ್ರಲ್ಲಿ ತಪ್ಪಿಲ್ಲ. ಫೇಸ್ ಎಷ್ಟು, ತೆಳ್ಳಗಿರೋರಿಗೆ ಎಕ್ಸ್‌ರೇ ಟ್ಯೂಬಿನ ಕರೆಂಟ್ ಎಷ್ಟು ಇಳಿಸ್ಬೇಕು ಅಂತ ರೇಡಿಯಾಲಜಿಸ್ಟ್ ಜೊತೆ ಕೂತು ಮಷೀನಲ್ಲಿ ಸೆಟ್ ಮಾಡೋದು ನಮ್ಮ ನಿಜವಾದ ಕೆಲಸ. ರೇಡಿಯೇಶನ್ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಮಂಡಳಿ ಎಇಆರ್‌ಬಿ ನಿಯಮದ ಪ್ರಕಾರ ಎರಡು ವರ್ಷಕ್ಕೊಮ್ಮೆ ಆಗೋ ಕ್ಯೂಎ ಟೆಸ್ಟ್, ಅಂದ್ರೆ ಮಷೀನ್ ಸರಿಯಿದ್ಯಾ ಅನ್ನೋ ಪರೀಕ್ಷೆ, ಇದಕ್ಕಿಂತ ಸುಲಭ ಅಂತೀನಿ ನಾನು.

ಹಂಗಂತ ಹೆದ್ರಿಕೊಂಡು ಬೇಕಾದ ಸ್ಕ್ಯಾನ್ ತಪ್ಪಿಸ್ಬೇಡಿ. ಅಲ್ಟ್ರಾಸೌಂಡಿಗೆ, ಎಂಆರ್‌ಐಗೆ ಈ ಲೆಕ್ಕಾನೇ ಬೇಡ, ಅದ್ರಲ್ಲಿ ಎಕ್ಸ್‌ರೇ ಇಲ್ಲ. ಇನ್ನು ಹಳೇ ಸಿಡಿ ಊರಲ್ಲೇ ಕಪಾಟಿನ ಮೇಲೆ ಬಿಟ್ಟು ಬರೋರು ವಾರಕ್ಕಿಬ್ರಾದ್ರೂ ಸಿಗ್ತಾರೆ, ಅದಿಲ್ದೆ ಹೋಲಿಸೋಕಾಗಲ್ಲ ಅಂತ ಮತ್ತೆ ಸ್ಕ್ಯಾನ್ ಮಾಡ್ಬೇಕಾಗುತ್ತೆ. ಬೆಳಗ್ಗೆ ಬಸ್ಸಿಗೆ ಹೊರಡೋವಾಗ ಅದನ್ನ ಚೀಲಕ್ಕೆ ಹಾಕ್ಕೊಳ್ಳಿ.