ಭೋಸರಿಯ ಶೆಡ್ಡಿಗೆ, ಚಾಕಣದ ಸೈಟಿಗೆ ಅಪ್ರೆಂಟಿಸ್: ತೆಗೆದುಕೊಳ್ಳುವುದು ಹೇಗೆ, ಕಲಿಸುವುದು ಹೇಗೆ?

ಪುಣೆಯ ಭೋಸರಿ ಎಂಐಡಿಸಿಯ (ಸರ್ಕಾರಿ ಕೈಗಾರಿಕಾ ಪ್ರದೇಶದ) ನಮ್ಮ ಶೆಡ್ಡಿನ ಹಿರಿಯ ಟರ್ನರ್ (ಲೇಥ್ ನಡೆಸುವವರು) ಕಳೆದ ವರ್ಷ ಕೆಲಸ ಬಿಟ್ಟರು. ವಯಸ್ಸಾಗಿತ್ತು, ಮೊಣಕಾಲು ನೋವು. ಟೂಲ್ ಸವೆದದ್ದು ಅವರಿಗೆ ಲೇಥಿನ ಸದ್ದಿನಲ್ಲೇ ತಿಳಿಯುತ್ತಿತ್ತು. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲಿನಿಂದ ಬರುವ ಚಿಪ್ಸ್ (ಲೋಹದ ಸುರುಳಿ) ನೀಲಿಗೆ ತಿರುಗಿದರೆ ಸಾಕು, ಯಾರೂ ಹೇಳುವ ಮೊದಲೇ ಸ್ಪೀಡ್ ಇಳಿಸುತ್ತಿದ್ದರು. ಇದು ಯಾವ ಡ್ರಾಯಿಂಗಿನಲ್ಲೂ ಬರೆದಿರುವುದಿಲ್ಲ. ಅವರು ಹೋದ ಮೇಲೂ ಅದು ಶೆಡ್ಡಿನಲ್ಲಿ ಉಳಿದಿದೆ. ಬಾಗಲಕೋಟೆಯ ಡಿಪ್ಲೊಮಾ ಹುಡುಗಿಯೊಬ್ಬಳು ಅಪ್ರೆಂಟಿಸ್ ಆಗಿ ಒಂದು ವರ್ಷ, ಆಮೇಲೆ ನೌಕರಳಾಗಿ ಇನ್ನೊಂದು ವರ್ಷ ಅವರ ಪಕ್ಕದಲ್ಲೇ ನಿಂತಿದ್ದಳು. ಈಗ ಆ ಲೇಥ್ ಅವಳ ಕೈಯಲ್ಲಿದೆ.

ಪುಣೆಯಲ್ಲಿ ಮಷಿನ್ ಶಾಪ್, ಫ್ಯಾಬ್ರಿಕೇಶನ್, ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಕಂತ್ರಾಟು ನಡೆಸುವ ಕನ್ನಡಿಗರು ಕಡಿಮೆಯಿಲ್ಲ. ಭೇಟಿಯಾದಾಗಲೆಲ್ಲ ಎಲ್ಲರದೂ ಒಂದೇ ಗೋಳು: ಒಳ್ಳೆಯ ಹುಡುಗರು ಸಿಗುವುದಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1910ರಲ್ಲಿ ಈಗಿನ ಕಿರ್ಲೋಸ್ಕರವಾಡಿಯ ಬಯಲಿಗೆ ಕಾರ್ಖಾನೆ ಒಯ್ದಾಗ ಅಲ್ಲಿ ಕಲಿತ ಕೆಲಸಗಾರರು ಕಾದು ಕುಳಿತಿರಲಿಲ್ಲ. ಹಳ್ಳಿಯವರಿಗೇ ಕಲಿಸಿ ತಯಾರು ಮಾಡಿಕೊಂಡರು. ನಮಗೂ ಅದೇ ದಾರಿ. ಅದರ ಮೆಟ್ಟಿಲುಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ತಲೆ ಎಣಿಸಿ

ಅಪ್ರೆಂಟಿಸ್ ಕಾಯ್ದೆ 1961ರದು. ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಇದರೊಳಗೆ ತಂದದ್ದು 1973ರ ತಿದ್ದುಪಡಿ. ಈಗ ನಡೆಯುತ್ತಿರುವ ಲೆಕ್ಕ 2019ರ ನಿಯಮದ್ದು: 30 ಅಥವಾ ಹೆಚ್ಚು ಜನ ಇರುವ ಉದ್ಯಮ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, 4ರಿಂದ 29 ಜನ ಇದ್ದರೆ ಅದು ನಿಮ್ಮ ಇಚ್ಛೆ. ಕೆಲಸಗಾರರ ಒಟ್ಟು ಸಂಖ್ಯೆಯ 2.5ರಿಂದ 15 ಪ್ರತಿಶತದಷ್ಟು ಅಪ್ರೆಂಟಿಸ್‌ಗಳಿರಬಹುದು. ಅಂದರೆ 40 ಜನರ ಶಾಪಿನಲ್ಲಿ ಒಬ್ಬರಿಂದ ಆರು ಜನರವರೆಗೆ.

ಕಟ್ಟಡದ ಕಂತ್ರಾಟುದಾರರು ಇಲ್ಲಿ ಎಡವುತ್ತಾರೆ. ‘ನನ್ನ ಮಸ್ಟರಿನಲ್ಲಿ (ಹಾಜರಿ ಪುಸ್ತಕದಲ್ಲಿ) ಹನ್ನೆರಡೇ ಜನ’ ಎನ್ನುತ್ತಾರೆ. ಗುತ್ತಿಗೆಯ ಮೇಲಿರುವವರನ್ನೂ ಸೇರಿಸಿಯೇ ಎಣಿಸಬೇಕು.

ಯಾರು ಬೇಕು, ಯಾವ ಬಾಗಿಲು ತಟ್ಟಬೇಕು?

ಐಟಿಐ ಮುಗಿಸಿದ ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಶಿಯನ್ ಬೇಕಿದ್ದರೆ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಂದಾಯಿಸಿ. 2016ರಲ್ಲಿ ಶುರುವಾದ ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ) ಯೋಜನೆ ನಡೆಯುವುದು ಅಲ್ಲಿಯೇ. ಡಿಪ್ಲೊಮಾ ಅಥವಾ ಬಿಇ ಮುಗಿಸಿದವರು ಬೇಕಿದ್ದರೆ ಕೇಂದ್ರ ಶಿಕ್ಷಣ ಸಚಿವಾಲಯದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್. ಮಹಾರಾಷ್ಟ್ರ, ಗೋವಾದ ಉದ್ಯಮಗಳು ಮುಂಬೈನ ಸಾಯನ್‌ನಲ್ಲಿರುವ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಯ ವ್ಯಾಪ್ತಿಗೆ ಬರುತ್ತವೆ. ಕರ್ನಾಟಕ ಚೆನ್ನೈ ಮಂಡಳಿಯ ಕೆಳಗಿದೆ. ಊರಿನ ಹುಡುಗರನ್ನು ಕರೆಸುವವರು ಈ ವ್ಯತ್ಯಾಸ ಅವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಫಾರ್ಮ್ ತುಂಬುವಾಗ ಗಲಿಬಿಲಿಯಾಗುತ್ತದೆ.

ಮೂರೂ ಬಗೆಯವರು ಬೇಕೆಂದು ಒಟ್ಟಿಗೆ ಹೋಗಬೇಡಿ. ಸಣ್ಣ ಶಾಪಿಗೆ ಮೊದಲ ವರ್ಷ ಒಬ್ಬ ಐಟಿಐ, ಒಬ್ಬ ಡಿಪ್ಲೊಮಾ ಸಾಕು.

ದುಡ್ಡಿನ ಮಾತು

2019ರ ನಿಯಮ ಹಾಕಿದ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000. ಇದನ್ನು 36 ಪ್ರತಿಶತ ಏರಿಸಬೇಕೆಂದು ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಕರಾರು ಬರೆಯುವ ದಿನ ಪೋರ್ಟಲ್‌ನಲ್ಲಿರುವ ದರವನ್ನೇ ಹಿಡಿಯಿರಿ. ನ್ಯಾಟ್ಸ್‌ನಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧ ಸರ್ಕಾರದ್ದು; ನ್ಯಾಪ್ಸ್‌ನಲ್ಲಿ ಕಾಲುಭಾಗ, ಗರಿಷ್ಠ 1,500 ರೂಪಾಯಿ. ಆ ಪಾಲು ಈಗ ನೇರ ಹುಡುಗರ ಬ್ಯಾಂಕ್ ಖಾತೆಗೆ ಬೀಳುತ್ತದೆ. ನಿಮ್ಮ ಪಾಲು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕೊಡಬೇಕು. ಪೀಸ್ ಲೆಕ್ಕದಲ್ಲಿ ಕೊಡುವಂತಿಲ್ಲ.

ಕನಿಷ್ಠವೆಂದರೆ ಅಷ್ಟೇ ಕೊಡಿ ಎಂದಲ್ಲ. ಮುಧೋಳದಿಂದಲೋ ಸಿಂದಗಿಯಿಂದಲೋ ಬಂದ ಹುಡುಗ ಕೋಣೆ ಬಾಡಿಗೆ, ಮೆಸ್ಸು, ಬಸ್ಸಿಗೆ ಕೊಟ್ಟ ಮೇಲೆ ಕೈಯಲ್ಲಿ ಏನೂ ಉಳಿಯದಿದ್ದರೆ ಮೂರನೇ ತಿಂಗಳಿಗೆ ಡೆಲಿವರಿ ಕೆಲಸಕ್ಕೆ ಹೋಗುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ. ನಾನು ಕನಿಷ್ಠಕ್ಕಿಂತ ಮೇಲೆಯೇ ಕೊಡುತ್ತೇನೆ, ಮಧ್ಯಾಹ್ನದ ಊಟ ಶೆಡ್ಡಿನದು.

ಕರಾರು

ಪೋರ್ಟಲ್‌ನಲ್ಲೇ ಕರಾರು ತಯಾರಾಗುತ್ತದೆ. ಇಬ್ಬರೂ ಒಪ್ಪಬೇಕು, 18 ತುಂಬದವರ ಪರವಾಗಿ ಪಾಲಕರು ಸಹಿ ಹಾಕಬೇಕು, ನೋಂದಣಿ ಆಗಬೇಕು. ಕಾಯ್ದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿಗೆ ಬಂದವನು. ಆದ್ದರಿಂದ ಪಿಎಫ್, ಇಎಸ್‌ಐ ಇಲ್ಲ. ಹಾಗೆಂದು ಹೊಣೆ ತಪ್ಪಿತೆಂದು ತಿಳಿಯಬೇಡಿ. ಕಾರ್ಖಾನೆಯ ಕೆಲಸಗಾರರಿಗಿರುವ ಆರೋಗ್ಯ, ಸುರಕ್ಷತೆ, ಕಲ್ಯಾಣದ ನಿಯಮಗಳು ಅವನಿಗೂ ಅನ್ವಯಿಸುತ್ತವೆ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ನೀವೇ ಕೊಡಬೇಕು. ಇಎಸ್‌ಐ ಇಲ್ಲದ ಕಾರಣ ಅಪಘಾತ ವಿಮೆ ಮಾಡಿಸದೆ ಯಾವ ಅಪ್ರೆಂಟಿಸ್‌ನನ್ನೂ ಮಷಿನ್ ಹತ್ತಿರ ಬಿಡಬೇಡಿ. ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಕಾಯ್ದೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯ) ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಡಿಸ್ಪ್ಯಾಚ್ ಎಷ್ಟೇ ತುರ್ತಿದ್ದರೂ ಸಂಜೆ ಅವರನ್ನು ಕಳಿಸಿಬಿಡಿ.

ವರ್ಷದ ಪಾಠ ಕಾಗದದ ಮೇಲೆ ಇರಲಿ

ಇಷ್ಟು ಹೊತ್ತು ಹೇಳಿದ್ದೆಲ್ಲ ಅರ್ಧ ದಿನದ ಕೆಲಸ. ನಿಜವಾದ ಕೆಲಸ ಇಲ್ಲಿಂದ ಶುರು. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲು ತೆಗೆದುಕೊಂಡ ಅಪ್ರೆಂಟಿಸ್‌ನಿಂದ ಟೆಂಪೋ ತುಂಬಿಸಿದೆ, ಚಲನ್ ಕೊಟ್ಟು ಕಳಿಸಿದೆ, ಸ್ಟೋರ್ ಗುಡಿಸಲು ಹೇಳಿದೆ. ನಾಲ್ಕನೇ ತಿಂಗಳು ಅವನು ಬಂದು, “ಸರ್, ನಾ ಇಲ್ಲಿಗೆ ಕಲಿಯಾಕ ಬಂದೀನ್ರಿ, ಮಾಲ್ ಹೊರಾಕ ಅಲ್ರಿ” ಎಂದು ಹೇಳಿ ಹೋದ. ಆ ಮಾತು ಇನ್ನೂ ಚುಚ್ಚುತ್ತದೆ. ಅವನಿಗೆ ಕೊಡಬೇಕಾದ ಒಂದು ವರ್ಷವನ್ನು ನಾನು ಕಸಿದುಕೊಂಡಿದ್ದೆ.

ಈಗ ನಮ್ಮಲ್ಲಿ ಮೊದಲ ಆರು ವಾರ ಮಷಿನ್ ಮುಟ್ಟಿಸುವುದಿಲ್ಲ. ಬೆಂಚು, ಫೈಲು (ಅರ), ವರ್ನಿಯರ್, ಮೈಕ್ರೋಮೀಟರ್. ಎಂಎಸ್ (ಮೆದು ಉಕ್ಕು) ತುಂಡನ್ನು ಕೈಯಿಂದ ಉಜ್ಜಿ ಆರೂ ಮುಖ ಮೂಲೆಮಟ್ಟಕ್ಕೆ ತರಬೇಕು. ಬಿಇ ಮುಗಿಸಿದವರು ಮುಖ ಸಣ್ಣ ಮಾಡುತ್ತಾರೆ. ಎರಡನೇ ವಾರ ಅವರೇ ಬೆಳಕಿಗೆ ಹಿಡಿದು ಸಂದು ನೋಡಲು ಶುರುಮಾಡುತ್ತಾರೆ. 50 ಮಿ.ಮೀ. ಬೋರಿಗೆ (ರಂಧ್ರಕ್ಕೆ) ಎಚ್7 ಎಂದು ಬರೆದಿದ್ದರೆ ಅಳತೆ ಏರುಪೇರಾಗಲು ಸಿಗುವ ಅವಕಾಶ 0.025 ಮಿ.ಮೀ., ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಪುಸ್ತಕದಲ್ಲಿ ಅದು ಒಂದು ಸಂಖ್ಯೆ. ಮಷಿನ್‌ನಿಂದ ಈಗಷ್ಟೇ ಇಳಿದ, ಬಿಸಿಯಾಗಿರುವ ಜಾಬನ್ನು (ತಯಾರಿಸುತ್ತಿರುವ ಬಿಡಿಭಾಗವನ್ನು) ಅಳೆಯಲು ಹೇಳಿ, ತಣ್ಣಗಾದ ಮೇಲೆ ಮತ್ತೆ ಅಳೆಸಿ. 100 ಮಿ.ಮೀ. ಉಕ್ಕು ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.011 ಮಿ.ಮೀ. ಹಿಗ್ಗುತ್ತದೆ. ಬಿಸಿಯಲ್ಲಿ ಪಾಸ್ ಆದ ಶಾಫ್ಟ್ ತಣ್ಣಗಾದಾಗ ರಿಜೆಕ್ಟ್ ಆಗುವುದನ್ನು ಒಮ್ಮೆ ಕಂಡ ಹುಡುಗ ಜೀವಮಾನದಲ್ಲಿ ಮರೆಯುವುದಿಲ್ಲ.

ಆಮೇಲೆ ಸಾದಾ ಲೇಥ್ ಮೂರು ತಿಂಗಳು, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್), ಫಿಕ್ಸ್ಚರ್ (ಜಾಬನ್ನು ಹಿಡಿದಿಡುವ ಸಾಧನ), ಇನ್‌ಸ್ಪೆಕ್ಷನ್. ಕೊನೆಯ ಎರಡು ತಿಂಗಳು ನನ್ನ ಮೇಜಿನ ಪಕ್ಕ ಕೂರಿಸಿ ಕೊಟೇಶನ್ ಹಾಕಿಸುತ್ತೇನೆ. ಒಂದು ಜಾಬ್ ಸ್ಕ್ರ್ಯಾಪ್ ಆದರೆ ವಸ್ತು, ಟೂಲು, ಹೊತ್ತು ಎಲ್ಲ ಸೇರಿ ಎಷ್ಟು ಹೋಯಿತೆಂದು ಅವರೇ ಬರೆಯಬೇಕು.

ಸೈಟಿನಲ್ಲಿ ಪಾಠ ಬೇರೆ. ಚಾಕಣದ ಕಡೆ ಆರ್‌ಸಿಸಿ ಕೆಲಸ ಹಿಡಿಯುವ ವಿಜಯಪುರದ ಗೆಳೆಯರೊಬ್ಬರು ಸಿವಿಲ್ ಅಪ್ರೆಂಟಿಸ್‌ಗೆ ಮೊದಲ ದಿನ ಟ್ಯಾಬ್ಲೆಟ್ ಕೊಡುವುದಿಲ್ಲ, ಓಳಂಬ (ದಾರಕ್ಕೆ ಕಟ್ಟಿದ ತೂಕದ ಗುಂಡು) ಕೊಡುತ್ತಾರೆ. ಕಾಲಮ್ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ನೇರವಿದೆಯೇ ಎಂದು ಅವನೇ ನೋಡಬೇಕು. ಆಮೇಲೆ ಕವರ್ ಬ್ಲಾಕ್ (ಕಬ್ಬಿಣಕ್ಕೂ ಅಚ್ಚಿಗೂ ನಡುವೆ ಅಂತರ ಇಡುವ ತುಂಡು): ಕಾಲಮ್ಮಿಗೆ 40 ಮಿ.ಮೀ., ಫುಟಿಂಗಿಗೆ (ಅಡಿಪಾಯಕ್ಕೆ) 50. ಕಬ್ಬಿಣ ಕಟ್ಟುವವರು ಅವಸರದಲ್ಲಿ ಬಿಟ್ಟ ಬ್ಲಾಕ್ ಎಷ್ಟೆಂದು ಕಾಂಕ್ರೀಟ್ ಬರುವ ಮೊದಲು ಎಣಿಸಿ ಹೇಳಬೇಕು. 30 ಘನ ಮೀಟರ್ ಕಾಂಕ್ರೀಟ್ ಹಾಕುವ ದಿನ ಐಎಸ್ 456ರ (ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ) ಪ್ರಕಾರ ಮೂರು ಸ್ಯಾಂಪಲ್, ಒಂದೊಂದಕ್ಕೆ ಮೂರು ಕ್ಯೂಬ್ (ಬಲ ಪರೀಕ್ಷಿಸುವ ಕಾಂಕ್ರೀಟ್ ಗಟ್ಟಿ). ಆ ಒಂಬತ್ತು ಕ್ಯೂಬ್ ಅವನ ಹೆಸರಿನಲ್ಲಿ. ಅವನೇ ತುಂಬಬೇಕು, ನೀರಿಗೆ ಹಾಕಬೇಕು, 28ನೇ ದಿನ ಒಡೆಯುವಾಗ ಲ್ಯಾಬಿನಲ್ಲಿ ಎದುರಿಗೆ ನಿಲ್ಲಬೇಕು. ನಾಲ್ಕೂವರೆ ಮೀಟರಿನ ಒಳಗಿನ ಸ್ಲ್ಯಾಬಿನ ಆಧಾರ ಏಳು ದಿನ, ಆರು ಮೀಟರಿನ ಒಳಗಿನ ಬೀಮಿನದು ಹದಿನಾಲ್ಕು ದಿನ ಬಿಚ್ಚುವಂತಿಲ್ಲ. ‘ಸೆಂಟ್ರಿಂಗ್ ಪ್ಲೇಟು ಬೇರೆ ಸೈಟಿಗೆ ಬೇಕು, ಬಿಚ್ಚು’ ಎಂಬ ಒತ್ತಡ ಬಂದಾಗ ಬೇಡವೆನ್ನುವ ಧೈರ್ಯವೂ ಪಾಠದ ಭಾಗವೇ. ಆ ಧೈರ್ಯ ಮೂಡಬೇಕಾದರೆ ಯಜಮಾನ ಒಮ್ಮೆಯಾದರೂ ಅವನ ಮಾತಿಗೆ ಕೆಲಸ ನಿಲ್ಲಿಸಿರಬೇಕು.

ಉಸ್ತಾದ್ ಯಾರು?

‘ಎಲ್ಲರೂ ಕಲಿಸಿರಿ’ ಎಂದರೆ ಯಾರೂ ಕಲಿಸುವುದಿಲ್ಲ. ಒಬ್ಬರ ಹೆಸರು ಹೇಳಿ. ಹಳಬರ ಮನಸ್ಸಿನಲ್ಲಿ ಒಂದು ಭಯ ಇರುತ್ತದೆ: ಇವನು ಕಲಿತರೆ ನನ್ನನ್ನು ಬಿಡಿಸುತ್ತಾರೆ. ಅದನ್ನು ನಾನು ಬಾಯಿಮಾತಿನಿಂದ ಹೋಗಲಾಡಿಸಲು ನೋಡಿದೆ, ಆಗಲಿಲ್ಲ. ಕಲಿಸುವ ತಿಂಗಳುಗಳಿಗೆ ಪಗಾರಿನ ಜೊತೆ ಬೇರೆ ಭತ್ಯೆ ಕೊಡಲು ಶುರುಮಾಡಿದೆ, ಅವರ ಉತ್ಪಾದನೆಯ ಗುರಿ ಇಳಿಸಿದೆ. ಆಗ ನಮ್ಮ ಟರ್ನರ್ ಕಾಕಾ ತಾವಾಗಿಯೇ ಹುಡುಗಿಯನ್ನು ಕರೆದು ಟೂಲ್ ಗ್ರೈಂಡಿಂಗ್ ತೋರಿಸಿದರು.

ಭಾಷೆಯನ್ನೂ ಮರೆಯಬೇಡಿ. ಶಾಪ್ ಫ್ಲೋರಿನ ಮಾತು ಮರಾಠಿ, ಹಿಂದಿ. ಊರಿನಿಂದ ಬಂದವರು ಅರ್ಥವಾಗದಿದ್ದರೂ ತಲೆಯಾಡಿಸುತ್ತಾರೆ, ಅಪಘಾತ ಆಗುವುದು ಅಲ್ಲಿಯೇ. ಮೊದಲ ವಾರದ ಸುರಕ್ಷತೆಯ ಪಾಠ ಕನ್ನಡದಲ್ಲೇ ಆಗಲಿ, ಜೊತೆಗೆ ‘ಥಾಂಬ್’, ‘ಸರಕ್’, ‘ಹಾತ್ ಕಾಢ್’ (ನಿಲ್ಲು, ಪಕ್ಕಕ್ಕೆ ಸರಿ, ಕೈ ತೆಗೆ) ಎಂಬ ಮರಾಠಿ ಮಾತುಗಳು ಕಿವಿಗೆ ಕೂರುವಂತೆ ಹೇಳಿಕೊಡಿ.

ಡೈರಿ, ಸರ್ಟಿಫಿಕೇಟ್, ಮುಂದಿನ ಮಾತು

ದಿನಾ ಸಂಜೆ ಹತ್ತು ನಿಮಿಷ ಡೈರಿ ಬರೆಸಿ, ವಾರಕ್ಕೊಮ್ಮೆ ನೀವೇ ಓದಿ ಸಹಿ ಹಾಕಿ. ಐಟಿಐನವರು ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಡಿಪ್ಲೊಮಾ, ಪದವೀಧರರಿಗೆ ತರಬೇತಿ ಮಂಡಳಿಯ ಪ್ರಾವೀಣ್ಯ ಪ್ರಮಾಣಪತ್ರ. ಆ ಕಾಗದ ತಡವಾಗದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಕರಾರಿನಲ್ಲಿ ಬರೆದಿಲ್ಲದಿದ್ದರೆ ವರ್ಷದ ನಂತರ ನೌಕರಿ ಕೊಡಬೇಕೆಂಬ ಕಡ್ಡಾಯ ನಿಮಗಿಲ್ಲ, ಉಳಿಯಬೇಕೆಂಬ ಕಡ್ಡಾಯ ಅವರಿಗೂ ಇಲ್ಲ. ಹತ್ತನೇ ತಿಂಗಳಿಗೆ ಎದುರು ಕೂರಿಸಿ ಹೇಳಿಬಿಡಿ: ಇಟ್ಟುಕೊಳ್ಳುತ್ತೀರಾ, ಎಷ್ಟು ಪಗಾರು, ಯಾವ ಮಷಿನ್. ಇಟ್ಟುಕೊಳ್ಳುವುದಿಲ್ಲವೆಂದರೆ ಅದನ್ನೂ ಆಗಲೇ ಹೇಳಿ, ಪಕ್ಕದ ಶೆಡ್ಡಿನವರಿಗೆ ನೀವೇ ಫೋನು ಮಾಡಿ. ಬೇರೆ ಕಡೆ ಕೆಲಸ ಹುಡುಕಲು ಅವರಿಗೆ ಆ ಎರಡು ತಿಂಗಳು ಬೇಕು.