ಡಯಟ್ ಚಾರ್ಟ್ ಬರೆಯುವ ಮೊದಲು ತೂಕದ ಲೆಕ್ಕ: ನನ್ನ ಅನುಭವ

ದಾವಣಗೆರೆಯ ನನ್ನ ಪುಟ್ಟ ಆಹಾರ ಸಲಹಾ ಕೇಂದ್ರದಲ್ಲಿ, ತೂಕದ ಪೂರ್ವಾಪರ ತಿಳಿಯದೆ ಯಾರಿಗೂ ಡಯಟ್ ಚಾರ್ಟ್ ಬರೆದುಕೊಡುವುದಿಲ್ಲ ಎಂದು ನಾನು ನಿರ್ಧರಿಸಿದಾಗ, ಇದೇ ವೃತ್ತಿಯ ಗೆಳತಿಯರು "ಬಂದವರು ಎದ್ದು ಪಕ್ಕದ ರಸ್ತೆಗೆ ಹೋಗುತ್ತಾರೆ" ಎಂದು ನಕ್ಕಿದ್ದರು. ಹೋದದ್ದೂ ನಿಜ. ಮೊದಲ ಆರು ತಿಂಗಳಲ್ಲಿ ಸುಮಾರು ಮೂವತ್ತು ಮಂದಿಗೆ ತಲಾ 400 ರೂಪಾಯಿ ಹಿಂತಿರುಗಿಸಿದ ನೆನಪು.

ಮೊದಲ ಪೆಟ್ಟು ಯಂತ್ರದಿಂದಲೇ ಬಿತ್ತು. 900 ರೂಪಾಯಿಯ ಗಾಜಿನ ತೂಕದ ಯಂತ್ರದಲ್ಲಿ ಒಬ್ಬ ಗೃಹಿಣಿಯ ತೂಕ ಎರಡೇ ವಾರಗಳಲ್ಲಿ ಮೂರು ಕೆಜಿ ಇಳಿಯಿತೆಂದು ಹಿಗ್ಗಿದ್ದೆ. ಕಸ ಗುಡಿಸುವಾಕೆ ಅದನ್ನು ಚಾಪೆಯ ಮೇಲೆ ಸರಿಸಿಟ್ಟಿದ್ದಳೆಂಬುದು ಆಮೇಲೆ ತಿಳಿಯಿತು. ಬಳಿಕ ಏಳು ಸಾವಿರದಷ್ಟು ಕೊಟ್ಟು ಪ್ಲಾಟ್‌ಫಾರ್ಮ್ ಯಂತ್ರವೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಪ್ರತಿ ಸೋಮವಾರ ಎದುರಿನ ಕಿರಾಣಿ ಅಂಗಡಿಯಿಂದ ಸರ್ಕಾರಿ ಮುದ್ರೆಯುಳ್ಳ 20 ಕೆಜಿಯ ಎರಡು ಬಟ್ಟುಗಳನ್ನು ತರಿಸಿ, ಅದರ ಮೇಲಿಟ್ಟು ನೋಡುತ್ತೇನೆ.

ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ, 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂಬುದು ನಮ್ಮ ಭಾರತೀಯರಿಗೆ ಹಾಕಿಕೊಂಡಿರುವ ಗೆರೆ. ಅದೊಂದನ್ನೇ ನಂಬಿ, 26 ಬಂದ ಒಬ್ಬ ಹಿರಿಯ ಮಹಿಳೆಗೆ ತೂಕ ಇಳಿಸಲು ದಿನಕ್ಕೆ 1,200 ಕ್ಯಾಲೊರಿಯ ಚಾರ್ಟ್ ಕೊಟ್ಟಿದ್ದೆ. ಸೀರೆಯ ಅಂಚಿನ ಕೆಳಗೆ ಊದಿಕೊಂಡಿದ್ದ ಕಾಲುಗಳನ್ನು ನಾನು ನೋಡಿರಲಿಲ್ಲ; ಯಂತ್ರ ತೂಗಿದ್ದರಲ್ಲಿ ಬಹುಪಾಲು ನೀರು, ತೋಳುಗಳಲ್ಲಿ ಮಾಂಸವೇ ಇರಲಿಲ್ಲ. ಅಂದಿನಿಂದ ಮೊಣಕಾಲಿನ ಕೆಳಗೆ ಹೆಬ್ಬೆರಳೊತ್ತಿ ಗುಳಿ ಬೀಳುವುದೇ ಎಂದು ನೋಡಿ, ತೋಳಿನ ಸುತ್ತಳತೆಯನ್ನೂ ತೆಗೆದುಕೊಂಡ ಮೇಲೆಯೇ ತೂಕವನ್ನು ಬರೆದುಕೊಳ್ಳುತ್ತೇನೆ.

ನನ್ನ ಪದ್ಧತಿಗೆ ಬೆಲೆ ತಂದುಕೊಟ್ಟವರು ಐವತ್ತರ ಆಸುಪಾಸಿನ ಒಬ್ಬ ವ್ಯಾಪಾರಿ. ಎತ್ತರ 168 ಸೆಂಟಿಮೀಟರ್, ತೂಕ 76, ಬಿಎಂಐ ಹತ್ತಿರ ಹತ್ತಿರ 27; ಯಾರಾದರೂ ಕಣ್ಣು ಮುಚ್ಚಿ ಚಾರ್ಟ್ ಕೊಡುತ್ತಿದ್ದರು. ಆದರೆ ಅವರ ಬೆಲ್ಟಿನಲ್ಲಿ ಮೊಳೆಯಿಂದ ಹೊಸದಾಗಿ ಕೊರೆದ ಎರಡು ತೂತುಗಳಿದ್ದವು, ಹಳೆಯ ತೂತಿನ ಬಳಿ ಬಕಲ್ ಒತ್ತಿದ ಗೆರೆ ಇನ್ನೂ ಮಾಸಿರಲಿಲ್ಲ. ಕೇಳಿದರೆ, "ಊಟವನ್ನೇನೂ ಬಿಟ್ಟಿಲ್ಲ ಮೇಡಂ, ತಾನಾಗಿಯೇ ಇಳಿಯುತ್ತಿದೆ" ಎಂದು ಹೆಮ್ಮೆಯಿಂದಲೇ ಹೇಳಿದರು. ಐದು ತಿಂಗಳ ಹಿಂದೆ 84 ಕೆಜಿ ಇತ್ತಂತೆ, ಅಂದರೆ ಶೇಕಡ ಒಂಬತ್ತೂವರೆಯಷ್ಟು ಇಳಿಕೆ. ಆರು ತಿಂಗಳಲ್ಲಿ ಕಾರಣವಿಲ್ಲದೆ ಶೇಕಡ 5ಕ್ಕಿಂತ ಹೆಚ್ಚು ಇಳಿದವರಿಗೆ ನಾನು ಡಯಟ್ ಕೊಡುವುದಿಲ್ಲ. ವೈದ್ಯರ ಬಳಿ ಕಳುಹಿಸಿದೆ; ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಜನರಿಂದ ಹಳೆಯ ತೂಕವನ್ನು ನೆನಪಿಸಿಕೊಳ್ಳಿಸಲು ನಾನು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಮಾತ್ರ ಇಲ್ಲಿ ಬರೆಯಲಾರೆ.

ನಡುವೆ ಒಮ್ಮೆ, ಉಟ್ಟ ಬಟ್ಟೆ ತೂಕಕ್ಕೆ ಎಷ್ಟು ಸೇರುತ್ತದೆಂದು ತಿಳಿಯುವ ಹುಚ್ಚು ಹತ್ತಿ ಮನೆಯ ಸೀರೆಗಳನ್ನೆಲ್ಲ ತೂಗಿದೆ: ಹತ್ತಿಯದು ಅರ್ಧ ಕೆಜಿಯ ಆಸುಪಾಸು, ಜರಿಯ ರೇಷ್ಮೆಯದು ಮುಕ್ಕಾಲು ಕೆಜಿಗೂ ಮೇಲೆ. ಯುಗಾದಿಯ ಹೋಳಿಗೆ ಊಟದ ರಾತ್ರಿ, ಬೆಳಿಗ್ಗೆಗಿಂತ ನಾನೇ ಒಂದೂಕಾಲು ಕೆಜಿ ಹೆಚ್ಚಿದ್ದೆ. ಆದ್ದರಿಂದ ಈಗ ಎಲ್ಲರನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿಯೇ ಬರಹೇಳುತ್ತೇನೆ.

ನಕ್ಕಿದ್ದ ಗೆಳತಿಯರಲ್ಲಿ ಇಬ್ಬರು ಈಚೆಗೆ ಫೋನ್ ಮಾಡಿ, ಬಟ್ಟುಗಳಿಗೆ ಎಷ್ಟಾಯಿತೆಂದು ವಿಚಾರಿಸಿದರು. ಕೊಳ್ಳಬೇಕಾಗಿಲ್ಲ, ವಾರಕ್ಕೊಮ್ಮೆ ಕಿರಾಣಿ ಅಂಗಡಿಯವರಿಗೆ ಚಹಾ ಕೊಡಿಸಿದರಾಯಿತು.