ಪ್ರೊಸೆಸರ್ ವೇಗವನ್ನು ಅಳೆದು ನೋಡಿ ಲ್ಯಾಪ್‌ಟಾಪ್ ಕೊಂಡ ನನ್ನ ಅನುಭವ

ಬದಿಯಡ್ಕದಲ್ಲಿ ನಾನು ನಡೆಸುತ್ತಿರುವ ಡಿಟಿಪಿ ಅಂಗಡಿಗೆ ಮದುವೆ, ಉಪನಯನಗಳ ಆಮಂತ್ರಣ ಪತ್ರಿಕೆಗಳ ಜೊತೆಗೆ ಈಚಿನ ವರ್ಷಗಳಲ್ಲಿ ಯಕ್ಷಗಾನ ಬಯಲಾಟಗಳ ವಿಡಿಯೊ ಸಂಕಲನದ ಕೆಲಸವೂ ಬರತೊಡಗಿತು. ಅಕ್ಷರ ಜೋಡಣೆಗೆ ಹಳೆಯ ಕಂಪ್ಯೂಟರೇ ಧಾರಾಳವಾಗಿತ್ತು. ಆದರೆ ಇಡೀ ರಾತ್ರಿಯ ಆಟವನ್ನು ಕುಗ್ಗಿಸಿ ಒಂದು ಫೈಲ್ ಮಾಡಬೇಕಾದರೆ ಕಂಪ್ಯೂಟರಿನ ಲೆಕ್ಕಾಚಾರವೆಲ್ಲ ನಡೆಸುವ ಚಿಪ್ ಆದ ಪ್ರೊಸೆಸರ್ ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಅದಕ್ಕೆಂದೇ ಹೊಸ ಲ್ಯಾಪ್‌ಟಾಪ್ ಹುಡುಕಿಕೊಂಡು ಕಾಸರಗೋಡಿಗೆ ಹೋದೆ.

ಅಂಗಡಿಯವರು ನನ್ನ ಮುಂದೆ ಎರಡನ್ನು ಇಟ್ಟರು: ಒಂದರಲ್ಲಿ ಇಂಟೆಲ್ ಐ5-1235ಯು, ಇನ್ನೊಂದರಲ್ಲಿ ಐ5-12450ಎಚ್. "ಎರಡೂ ಐ5, ಎರಡೂ ಹನ್ನೆರಡನೇ ಜನರೇಶನ್, ಎರಡೂ 4.4 ಗಿಗಾಹರ್ಟ್ಸ್. ಮತ್ತೆ ಸುಮ್ಮನೆ ಹೆಚ್ಚು ದುಡ್ಡು ಯಾಕೆ ಕೊಡುತ್ತೀರಿ ಅಣ್ಣ?" ಎಂದು ಅಲ್ಲಿನ ಹುಡುಗ ಕೇಳಿದ. ಅವನು ಹೇಳಿದ ಅಂಕಿಗಳಲ್ಲಿ ಸುಳ್ಳೇನೂ ಇರಲಿಲ್ಲ. ಕೋರ್‌ಗಳ, ಅಂದರೆ ಪ್ರೊಸೆಸರಿನೊಳಗೆ ಏಕಕಾಲಕ್ಕೆ ದುಡಿಯುವ ಘಟಕಗಳ, ಲೆಕ್ಕ ಹಿಡಿದರಂತೂ ಅಗ್ಗದ್ದೇ ಮೇಲು, ಅದರಲ್ಲಿ 10 ಇದ್ದರೆ ದುಬಾರಿಯದರಲ್ಲಿ 8 ಮಾತ್ರ.

ಒಂದು ಗಿಗಾಹರ್ಟ್ಸ್ ಎಂದರೆ ಪ್ರೊಸೆಸರಿನ ಗಡಿಯಾರಕ್ಕೆ ಸೆಕೆಂಡಿಗೆ ನೂರು ಕೋಟಿ ಮಿಡಿತಗಳು. ಪ್ರತಿ ಮಿಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಎಂಬುದನ್ನು ಆ ಅಂಕಿ ತಿಳಿಸುವುದಿಲ್ಲ. ಅಡಿಕೆ ಸುಲಿಯುವವನ ಕೈ ಎಷ್ಟು ಬೇಗ ಆಡುತ್ತದೆ ಎಂಬುದನ್ನು ನೋಡಿ ಯಾರೂ ಕೂಲಿ ಕೊಡುವುದಿಲ್ಲ, ಸುಲಿದ ಅಡಿಕೆಯನ್ನು ತೂಗಿ ಕೊಡುತ್ತಾರೆ. ಇಂಟೆಲ್‌ನ ಪೆಂಟಿಯಮ್ 4 ಪ್ರೊಸೆಸರ್ 2004ರಲ್ಲಿ 3.8 ಗಿಗಾಹರ್ಟ್ಸ್ ಮುಟ್ಟಿತ್ತು. 2006ರಲ್ಲಿ ಅದೇ ಕಂಪನಿ ತಂದ ಕೋರ್ 2 ಡ್ಯುಯೊ 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತಲೇ ಅದನ್ನು ಹಿಂದೆ ಹಾಕಿತು. ಆದ್ದರಿಂದ ಬೇರೆ ಬೇರೆ ಪೀಳಿಗೆಯ ಪ್ರೊಸೆಸರ್‌ಗಳನ್ನು ಈ ಒಂದೇ ಅಂಕಿಯಿಂದ ಹೋಲಿಸಬಾರದೆಂಬುದು ನನಗೆ ಗೊತ್ತಿತ್ತು. ಇಲ್ಲಿ ಪೀಳಿಗೆಯೂ ಒಂದೇ ಆಗಿದ್ದುದೇ ತೊಡಕು.

ವ್ಯತ್ಯಾಸವಿದ್ದದ್ದು ಹೆಸರಿನ ಕೊನೆಯ ಅಕ್ಷರದಲ್ಲಿ. 'ಯು' ಎಂದಿರುವುದು 15 ವಾಟ್ ಮೂಲ ವಿದ್ಯುತ್ ಬಳಕೆಗೆ ರೂಪಿಸಿದ್ದು, 'ಎಚ್' ಎಂದಿರುವುದು 45 ವಾಟ್‌ಗೆ. 4.4 ಗಿಗಾಹರ್ಟ್ಸ್ ಎಂಬುದು ಟರ್ಬೊ ವೇಗ, ಅಂದರೆ ಶಾಖ ಮತ್ತು ವಿದ್ಯುತ್ತಿನ ಮಿತಿ ಅನುಮತಿಸುವಷ್ಟು ಹೊತ್ತು ಮಾತ್ರ ಏರಬಲ್ಲ ತುತ್ತತುದಿ. ದೊಡ್ಡ ಕೋರ್‌ಗಳ ಮೂಲ ವೇಗ, ಅಂದರೆ ಮೂಲ ವಿದ್ಯುತ್ ಬಳಕೆಯಲ್ಲೇ ಉಳಿಸಿಕೊಳ್ಳಬಲ್ಲ ವೇಗ, ಮೊದಲನೆಯದರಲ್ಲಿ 1.3, ಎರಡನೆಯದರಲ್ಲಿ 2 ಗಿಗಾಹರ್ಟ್ಸ್. ಹತ್ತು ಕೋರ್‌ಗಳೆಂದು ಹೇಳಿದ ಯಂತ್ರದಲ್ಲಿ ಅಂಥ ದೊಡ್ಡ ಕೋರ್‌ಗಳು ಎರಡೇ ಇದ್ದು, ಉಳಿದ ಎಂಟು ವಿದ್ಯುತ್ ಉಳಿಸುವ ಚಿಕ್ಕವು. ಎಂಟರದರಲ್ಲಿ ದೊಡ್ಡವು ನಾಲ್ಕು.

ಇಷ್ಟು ಓದಿಕೊಂಡೇ ಹೋಗಿದ್ದರೂ ಕಣ್ಣಾರೆ ನೋಡದೆ ಹಣ ಕೊಡಲು ಮನಸ್ಸಾಗಲಿಲ್ಲ. ಒಂದು ಆಟದ ಯುದ್ಧದ ಭಾಗವನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ. ಮಾಲೀಕರ ಒಪ್ಪಿಗೆ ಪಡೆದು, ಎರಡಕ್ಕೂ ಚಾರ್ಜರ್ ಸಿಕ್ಕಿಸಿ, ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಅದೇ ಫೈಲನ್ನು ಅದೇ ಸೆಟ್ಟಿಂಗ್‌ನಲ್ಲಿ ಎರಡರಲ್ಲೂ ಕುಗ್ಗಿಸಲು ಹಚ್ಚಿದೆ. ಚಾರ್ಜರ್ ಇಲ್ಲದಿದ್ದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳು ವೇಗವನ್ನು ತಾವಾಗಿ ತಗ್ಗಿಸಿಕೊಳ್ಳುತ್ತವೆ. ಹಾಗೆಯೇ, ಗ್ರಾಫಿಕ್ಸ್ ಭಾಗಕ್ಕೆ ಕೆಲಸ ವಹಿಸುವ ಆಯ್ಕೆಯನ್ನು ಆಫ್ ಮಾಡದಿದ್ದರೆ ನಾವು ಅಳೆಯುವುದು ಪ್ರೊಸೆಸರನ್ನಲ್ಲ. ಕೆಲಸ ನಡೆಯುತ್ತಿದ್ದಂತೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಕ್ಷಣದ ವೇಗವನ್ನು ನೋಡುತ್ತಾ ಕುಳಿತೆ. ಆರಂಭದಲ್ಲಿ ಎರಡೂ ಹುಮ್ಮಸ್ಸಿನಿಂದ ಮೇಲೇರಿದವು. ಸ್ವಲ್ಪ ಹೊತ್ತಿನಲ್ಲಿ 'ಯು' ಯಂತ್ರದ ಅಂಕಿ ಗಣನೀಯವಾಗಿ ಇಳಿದು ಅಲ್ಲೇ ನಿಂತಿತು, 'ಎಚ್' ಯಂತ್ರ ಫ್ಯಾನಿನ ಗದ್ದಲ ಎಬ್ಬಿಸಿದರೂ ಅಷ್ಟು ಇಳಿಯದೆ ಬಹಳ ಮೊದಲೇ ಕೆಲಸ ಮುಗಿಸಿತು. ಒಂದೆರಡು ನಿಮಿಷಕ್ಕೇ ಪರೀಕ್ಷೆ ನಿಲ್ಲಿಸಿದ್ದರೆ ಈ ಅಂತರ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ನಾನು 'ಎಚ್' ಅನ್ನೇ ಕೊಂಡೆ. ಅದರ ಬ್ಯಾಟರಿ ಬೇಗ ಬರಿದಾಗುತ್ತದೆ, ತೂಕವೂ ಹೆಚ್ಚು. ಮಳೆಗಾಲದಲ್ಲಿ ಕರೆಂಟು ಇರುವ ಹೊತ್ತು ನೋಡಿಕೊಂಡೇ ವಿಡಿಯೊ ಕೆಲಸಕ್ಕೆ ಹಚ್ಚಬೇಕು.

ಈಗ ಪರಿಚಯದವರು ಸಲಹೆ ಕೇಳಿದರೆ ಎಲ್ಲರಿಗೂ ಇದನ್ನೇ ಹೇಳುವುದಿಲ್ಲ. ನೆರೆಮನೆಯ ಹುಡುಗಿ ಮಂಗಳೂರಿನ ಕಾಲೇಜಿಗೆ ಸೇರಿದಾಗ 'ಯು' ಪ್ರೊಸೆಸರಿನದನ್ನೇ ಕೊಡಿಸಿದೆ. ಟೈಪಿಂಗ್, ಬ್ರೌಸಿಂಗ್‌ಗಳಲ್ಲಿ ಪ್ರೊಸೆಸರ್ ದುಡಿಯುವುದು ಕ್ಷಣಕಾಲದ ನೆಗೆತಗಳಲ್ಲಿ ಮಾತ್ರವಾದ್ದರಿಂದ ಅಲ್ಲಿ ಟರ್ಬೊ ವೇಗ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆಗ ಇಂಟೆಲ್‌ನ ಪ್ರತಿಸ್ಪರ್ಧಿ ಕಂಪನಿ ಎಎಮ್‌ಡಿಯ ಪ್ರೊಸೆಸರ್‌ಗಳನ್ನೂ ನೋಡಿದ್ದೆವು. ರೈಜನ್ 7520ಯು ಮತ್ತು 7530ಯು ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಆ ಸರಣಿಯಲ್ಲಿ ಮೂರನೆಯ ಅಂಕಿಯೇ ಒಳವಿನ್ಯಾಸದ ಪೀಳಿಗೆಯನ್ನು ಸೂಚಿಸುತ್ತದೆ. ಮೊದಲನೆಯದರಲ್ಲಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, ಕೋರ್‌ಗಳು ನಾಲ್ಕು, ಎರಡನೆಯದರಲ್ಲಿ ಝೆನ್ 3, ಕೋರ್‌ಗಳು ಆರು. ಕೊನೆಗೆ ಅವಳಿಗೆ ಆರಿಸಿದ್ದು ಇಂಟೆಲ್‌ನದೇ. ಪ್ರೊಸೆಸರಿನಲ್ಲಿ ಉಳಿದ ಹಣವನ್ನು 16 ಜಿಬಿ ರ್‍ಯಾಮ್‌ಗೆ ಹಾಕಿಸಿದೆ.